ಗೊಂಬೆ ಮೆಟ್ಟಿಲಾದ ಡ್ರ್ಯಾಗನ್ ಕಾದಂಬರಿ

ಸಹಕಾರನಗರದ ಚೆಲುವರಾಜು ಆಸೆಪಟ್ಟು ಕೊಂಡ ಡ್ರ್ಯಾಗನ್ ಕಾದಂಬರಿಗೆ ಏಳು ಸಂಪುಟ, ಒಂದೊಂದೂ ಇಟ್ಟಿಗೆಯಷ್ಟು ದಪ್ಪ. ಓದಲೋ ಬೇಡವೋ ಎಂದು ಪುಣ್ಯಾತ್ಮ ವರ್ಷಗಟ್ಟಲೆ ಮೀನಮೇಷ ಎಣಿಸಿದ. ಹೆಂಡತಿ ಪಂಕಜಾ ಪ್ರತಿ ದಸರೆಗೂ ಅವನ್ನು ಜೋಡಿಸಿ, ಮೇಲೆ ಬಿಳಿ ಪಂಚೆ ಹಾಸಿ, ಗೊಂಬೆ ಕೂರಿಸಲು ಮೆಟ್ಟಿಲು ಮಾಡುತ್ತಿದ್ದಳು.

ಈ ಸಲ ಗೊಂಬೆ ಇಳಿಸಿದ ದಿನ ಅವನು ಗಟ್ಟಿಮನಸ್ಸು ಮಾಡಿ ಮೊದಲ ಸಂಪುಟ ತೆರೆದ. ನಾಲ್ಕು ಪುಟ ದಾಟುವಷ್ಟರಲ್ಲಿ, "ಈ ರಾಜಕುಮಾರ ಎಂಥಾ ಧೀರ ಕಣೇ!" ಎಂದ.

ಪಟ್ಟದ ಗೊಂಬೆಯನ್ನು ಹಳೇ ಸೀರೆಯಲ್ಲಿ ಸುತ್ತುತ್ತಿದ್ದ ಪಂಕಜಾ ತಲೆಯೆತ್ತಲಿಲ್ಲ. "ಅವನನ್ನ ಜಾಸ್ತಿ ಹಚ್ಕೋಬೇಡ್ರೀ. ಐದನೇದ್ರಲ್ಲಿ ಸ್ವಂತ ಅಣ್ಣನೇ ಕೊಲ್ಲಿಸ್ತಾನೆ."

ಚೆಲುವರಾಜುವಿನ ಕೈಯಿಂದ ಪುಸ್ತಕ ಜಾರಿ ಕಾಲ ಮೇಲೆ ಬಿದ್ದರೂ ನೋವು ತಿಳಿಯಲಿಲ್ಲ.

"ನೀನು... ಯಾವಾಗ ಓದಿದೆ?"

"ನೀವು ಓದ್ಲೋ ಬೇಡ್ವೋ ಅಂತ ಯೋಚಿಸ್ತಾ ಇದ್ರಲ್ಲ, ಆಗ."