ತಪ್ಪು ಹೋದ ಮನೆಗಳು

೧೯೮೭ರಲ್ಲಿ ನಾನು ಶಾಲೆ ಬಿಟ್ಟೆ. ಏಳನೇ ಕ್ಲಾಸು, ಅದೂ ಅರ್ಧಕ್ಕೆ. ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ. ಆಮೇಲೆ ಹರಿಹರದಲ್ಲಿ ಪೇಪರ್ ಏಜೆಂಟನಾಗಿ ನಾನು ಮನೆಮನೆಗೆ ಮುಟ್ಟಿಸಿದಷ್ಟು ಅಕ್ಷರವನ್ನು ಯಾವ ಮೇಷ್ಟ್ರೂ ಮುಟ್ಟಿಸಿರಲಿಕ್ಕಿಲ್ಲ. ಮಳೆ ಬಂದರೂ ಜ್ವರ ಬಂದರೂ ನನ್ನ ಲೈನು ತಪ್ಪಿಲ್ಲ. ಆದರೆ ದಿನಾ ಹೊತ್ತು ತಿರುಗುವ ಸುದ್ದಿ ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಐವತ್ತರ ಹತ್ತಿರ ಬಂದಾಗ. ಕಲಿಸಿದವರು ಗಫಾರ್ ಸಾಹೇಬ್ರು.

ಸಾಹೇಬ್ರು ದಾವಣಗೆರೆಯಿಂದ ಬರುವ, ನಾನು ಹಾಕುವ ನಾಲ್ಕು ಪುಟದ ಪೇಪರಿಗೆ ಹರಿಹರದ ವರದಿಗಾರರು. ಅವರ ಅಂಗಿಗೆ ಎದೆಯ ಮೇಲೆ ಎರಡು ಜೇಬು ಇರಲೇಬೇಕು. ಎಡಗಡೆಯದು ಕೇಳಿದ ಸುದ್ದಿಗೆ, ಬಲಗಡೆಯದು ನೋಡಿದ ಸುದ್ದಿಗೆ. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಏನಾದರೂ ಹೇಳಿದರೆ ಬಸ್ ಟಿಕೆಟ್ಟಿನ ಹಿಂದೆ ಗೀಚಿ ಎಡಕ್ಕೆ ತುರುಕೋರು. ಮೊಪೆಡ್ ಹತ್ತಿ ಹೋಗಿ, ಕಣ್ಣಾರೆ ಕಂಡು, ಆ ಮನೆಯವರನ್ನೇ ಮಾತಾಡಿಸಿ ಬಂದ ಮೇಲೆ ಚೀಟಿ ಬಲಕ್ಕೆ. ಬಲಗಡೆಯದು ಮಾತ್ರ ಪೇಪರಿಗೆ. ಎಡ ಜೇಬು ಯಾವಾಗಲೂ ಉಬ್ಬಿರೋದು. ಬಲದ್ದು ಎಷ್ಟೋ ದಿನ ಇಸ್ತ್ರಿ ಕೂಡ ಮುರಿದಿರುತ್ತಿರಲಿಲ್ಲ. ಶುಕ್ರವಾರ ನಮಾಜಿಗೆ ಹೊರಡುವ ಮುಂಚೆ ಎಡಗಡೆಯದನ್ನೆಲ್ಲ ತೆಗೆದು ಒಲೆಗೆ ಹಾಕೋರು. ಇವುಗಳಲ್ಲಿ ನಿಜವೂ ಇರಬಹುದು, ಆದರೆ ನನಗೆ ಗೊತ್ತಿಲ್ಲವಲ್ಲ ಅನ್ನೋರು.

ಒಮ್ಮೆ ಕರೂರು ಕೈಗಾರಿಕಾ ಪ್ರದೇಶದ ಯಾವುದೋ ಸಣ್ಣ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು ಐದು ಜನ ಸತ್ತರು ಅಂತ ಗುಲ್ಲಾಯಿತು. ಮರುದಿನ ಬೇರೆ ಪೇಪರಿನವರು ದಪ್ಪಕ್ಷರದಲ್ಲಿ ಐದು ಅಂತಲೇ ಹಾಕಿದರು. ನಮ್ಮದರಲ್ಲಿ ಮೂಲೆಗೆ ನಾಲ್ಕು ಸಾಲು, ಯಾರೂ ಸತ್ತಿಲ್ಲ, ಇಬ್ಬರ ಕೈ ಸುಟ್ಟಿದೆ ಅಂತ. ಗಿರಾಕಿಗಳು ದಾರಿಯುದ್ದಕ್ಕೂ ನನ್ನನ್ನು ಹಿಡಿದು ಜಾಡಿಸಿದರು. ನಿಮ್ಮ ಪೇಪರಿಗೆ ಸುದ್ದಿ ಸಿಗಲಿಲ್ಲವಾ ಅಂದರು. ನಾನು ಆ ಸಿಟ್ಟನ್ನೆಲ್ಲ ತಂದು ಚಾದಂಗಡಿಯಲ್ಲಿ ಸಾಹೇಬ್ರ ಮೇಲೆ ಹಾಕಿದೆ. ಅವರು ಕಪ್ಪಿನಿಂದ ಬಸಿಗೆ ಬಗ್ಗಿಸಿಕೊಂಡ ಚಾ ಪೂರ್ತಿ ಕುಡಿದರು.

"ಬರೀದೇ ಐದು ಜೀವ ಉಳಿಸೀನಪ್ಪ ಬಸಣ್ಣ. ಡಾಕ್ಟರ್ ಕೈಲೂ ಆಗಂಗಿಲ್ಲ ಇದು" ಅಂದರು.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ.

ಕೊರೊನಾ ಬಂದ ವರ್ಷ, ರೋಗ ಪೇಪರ್ ಮೇಲೆ ಕೂತು ಬರುತ್ತೆ ಅಂತ ಯಾರೋ ಫೋನಿನಲ್ಲಿ ಹಬ್ಬಿಸಿದರು. ಇಪ್ಪತ್ತು ವರ್ಷ ನನ್ನ ಕೈಯಿಂದ ಪೇಪರ್ ಇಸಗೊಂಡವರು ಅದನ್ನು ಕೋಲಿನಿಂದ ಬಿಸಿಲಿಗೆ ತಳ್ಳುವುದನ್ನು ನೋಡಿದೆ. ಬರಬರುತ್ತ ಒಳಗಿಂದಲೇ ಬ್ಯಾಡ ಬಸಣ್ಣ ಅನ್ನತೊಡಗಿದರು. ಇನ್ನೂರ ಹತ್ತು ಮನೆಯ ಲೈನು ಎರಡು ವಾರದಲ್ಲಿ ನಲವತ್ತಕ್ಕೆ ಇಳಿಯಿತು. ಸುಮ್ಮನೆ ಕೂರುವ ಆಸಾಮಿಯಲ್ಲ ನಾನು. ಗಿರಾಕಿಗಳ ನಂಬರೆಲ್ಲ ಇದ್ದವು, ವಾಟ್ಸಾಪಿನಲ್ಲಿ ಗುಂಪು ಮಾಡಿದೆ. ಮೊದಮೊದಲು ಪೇಪರಿನ ಪುಟಗಳ ಫೋಟೊ ಹಾಕುತ್ತಿದ್ದೆ. ಆಮೇಲೆ ಯಾವ ಅಂಗಡಿ ತೆರೆದಿದೆ, ಯಾವ ರಸ್ತೆಗೆ ಬೇಲಿ ಹಾಕಿದ್ದಾರೆ ಅಂತ. ಆಮೇಲೆ ನನ್ನದೇ ಸುದ್ದಿ. ಏಳನೇ ಕ್ಲಾಸು ಮುಗಿಸದವನು ಬರೆದದ್ದನ್ನು ವಕೀಲರು, ಬ್ಯಾಂಕಿನವರು ಓದಿ ಹೆಬ್ಬೆರಳು ಎತ್ತುತ್ತಿದ್ದರು. ಸಾಹೇಬ್ರಿಗಿಂತ ನಾನು ಒಂದು ದಿನ ಮುಂದೆ ಎಂಬ ಹಮ್ಮು ನನಗೆ ಬಂದಿದ್ದು ನಿಜ.

ಒಂದು ಬೆಳಗ್ಗೆ ನಮ್ಮ ಹಿಂದಿನ ಓಣಿಯ ಗಿರಿಜಕ್ಕನ ಮನೆ ಮುಂದೆ ಆಂಬುಲೆನ್ಸ್ ನಿಂತಿತ್ತು. ಗಂಡ ತೀರಿಕೊಂಡ ಮೇಲೆ ಹಿಟ್ಟಿನ ಗಿರಣಿ ನಡೆಸಿ ಮನೆ ನಿಭಾಯಿಸಿದವಳು ಗಿರಿಜಕ್ಕ. ನನ್ನ ಲೈನಿನ ಹಳೇ ಮನೆ ಅವಳದು. ಮೈಯೆಲ್ಲ ಮುಚ್ಚಿಕೊಂಡ ಇಬ್ಬರು ಯಾರನ್ನೋ ಮಲಗಿಸಿಕೊಂಡು ಹೋದರು. ನಾನು ಸೈಕಲ್ಲಿನಿಂದ ಇಳಿಯಲೂ ಇಲ್ಲ. ಅಲ್ಲೇ ಕಾಲೂರಿ ಬರೆದೆ: ಗಿರಿಜಕ್ಕನ ಗಿರಣಿ ಮನೆಗೂ ಕೊರೊನಾ, ಆ ಕಡೆ ಯಾರೂ ಹೋಗಬೇಡಿ. ಮಧ್ಯಾಹ್ನದೊಳಗೆ ಅದು ಮಲೆಬೆನ್ನೂರು ಸುತ್ತಿ ನನ್ನ ಫೋನಿಗೇ ವಾಪಸ್ ಬಂತು.

ಒಯ್ದದ್ದು ಗಿರಿಜಕ್ಕನ ಅತ್ತೆಯನ್ನು. ಮುದುಕಿ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದಿತ್ತು. ಅದನ್ನು ಗಿರಿಜಕ್ಕ ಹೇಳಿದರೂ ನಂಬುವವರಿರಲಿಲ್ಲ. ನಾಲ್ಕು ದಿನ ಗಿರಣಿಗೆ ಬೀಸಲು ಒಂದು ಡಬ್ಬಿಯೂ ಬರಲಿಲ್ಲ. ಮೊದಲೇ ಬೀಸಿಟ್ಟ ಹಿಟ್ಟನ್ನೂ ಯಾರೂ ಒಯ್ಯಲಿಲ್ಲ, ಹೆಸರು ಬರೆದ ಡಬ್ಬಿಗಳು ಸಾಲಾಗಿ ಹಂಗೇ ಕೂತಿದ್ದವು. ಹಾಲಿನವನು ಓಣಿಯ ತುದಿಯಲ್ಲೇ ಪಾಕೀಟು ಇಟ್ಟು ಕೂಗಿ ಹೋಗುತ್ತಿದ್ದ. ದಾವಣಗೆರೆ ಆಸ್ಪತ್ರೆಗೆ ಊಟ ಒಯ್ಯಬೇಕೆಂದರೆ ಅವಳನ್ನು ಯಾವ ಆಟೋದವನೂ ಹತ್ತಿಸಿಕೊಳ್ಳಲಿಲ್ಲ.

ಐದನೇ ದಿನ ಸಾಹೇಬ್ರು ನಮ್ಮ ಮನೆ ಮುಂದೆ ಮೊಪೆಡ್ ನಿಲ್ಲಿಸಿದರು. ಗಿರಣಿಗೆ ಹೋಗಿ ಮಾತಾಡಿಸಿಕೊಂಡೇ ಬಂದಿದ್ದರು. ನಾನು ಮೊದಲೇ ಸೆಟೆದು ನಿಂತೆ.

"ನಾ ಖುದ್ದು ನೋಡೀನ್ರಿ ಸಾಹೇಬ್ರೆ. ಯಾರೋ ಹೇಳಿದ್ದನ್ನ ಬರೆದಿಲ್ಲ."

"ಏನ್ ನೋಡ್ದಿ?"

"ಆಂಬುಲೆನ್ಸು."

"ಹಂಗಾರೆ ಆಂಬುಲೆನ್ಸ್ ಅಂತ ಬರೀಬೇಕಿತ್ತು. ಕೊರೊನಾ ಅಂತ ಯಾಕ ಬರ್ದಿ? ಅದೇನು ಬಾಗಿಲು ತೆಗದು ಕೆಳಗೆ ಇಳೀತಾ?"

ತಪ್ಪಾಯಿತು ಅಂತ ಗುಂಪಿನಲ್ಲಿ ಒಂದು ಸಾಲು ಹಾಕಿಬಿಡುತ್ತೇನೆ ಅಂದೆ, ಅದನ್ನೂ ಮನಸ್ಸಿಲ್ಲದೆ. ಸಾಹೇಬ್ರು ತಲೆ ಅಲ್ಲಾಡಿಸಿದರು. ಪೇಪರಿನಲ್ಲಿ ತಪ್ಪಾದರೆ ಮರುದಿನದ ತಿದ್ದುಪಡಿ ಅವೇ ಮನೆಗಳಿಗೆ ಹೋಗುತ್ತೆ, ಯಾಕಂದರೆ ಹಾಕುವವನು ನೀನೇ, ನಿನ್ನ ಲೈನು ನಿನಗೆ ಗೊತ್ತು ಅಂದರು. ಫೋನಿನಲ್ಲಿ ತಪ್ಪನ್ನು ಓದಿದವನು ತಿದ್ದಿದ್ದನ್ನೂ ಓದುತ್ತಾನೆ ಅನ್ನುವ ಖಾತ್ರಿ ಏನು ಅಂತ ಕೇಳಿದರು.

"ತಪ್ಪು ಎಲ್ಲೆಲ್ಲಿ ಹೋಗೈತೋ ಅಲ್ಲೆಲ್ಲ ನೀ ಹೋಗ್ಬೇಕು ಬಸಣ್ಣ. ನಿನಗೆ ಬರೋ ವಿದ್ಯೆ ಅದೊಂದೇ."

ಆ ಕೊನೆಯ ಮಾತು ನಾಟಿತು. ಮರುದಿನ ಉಳಿದಿದ್ದ ನಲವತ್ತು ಮನೆಗೆ ಪೇಪರ್ ಹಾಕಿ ಮುಗಿಸಿ ಖಾಲಿ ಸೈಕಲ್ ಹತ್ತಿದೆ. ಪ್ರತಿ ಗೇಟಿನಲ್ಲೂ ಬೆಲ್ ಹೊಡೆದು ದೂರ ನಿಂತು ಹೇಳಿದೆ. ಗಿರಿಜಕ್ಕನ ಮನೆಯಲ್ಲಿ ಕೊರೊನಾ ಇಲ್ಲ, ಮುದುಕಿ ಜಾರಿ ಬಿದ್ದದ್ದು, ತಪ್ಪು ಬರೆದವನು ನಾನೇ, ಯಾರಿಗೆಲ್ಲ ಕಳಿಸಿದ್ದೀರೋ ಅವರಿಗೆ ಫೋನ್ ಮಾಡಿ ಹೇಳಿ. ಮೂರು ಬೆಳಗ್ಗೆ, ಇನ್ನೂರ ಒಂಬತ್ತು ಮನೆ. ರಿಟೈರಾದ ಕಂಡಕ್ಟರ್ ಒಬ್ಬರು, ಏನಪ್ಪಾ, ಇವತ್ತು ಪೇಪರ್ ಬಾಯಲ್ಲೇ ಹಾಕಾಕೆ ಬಂದಿಯೇನು ಅಂತ ಕಾಲೆಳೆದರು. ಇನ್ನೊಂದು ಮನೆಯಾಕೆ ನನ್ನ ಎದುರಿಗೇ ಮಲೆಬೆನ್ನೂರಿನ ತಂಗಿಗೆ ಫೋನ್ ಹಚ್ಚಿದರು. ತಂಗಿ ಅದನ್ನು ಬಾತಿ ಊರಿನ ನಾದಿನಿಗೆ ಕಳಿಸಿದ್ದಳು. ನಾದಿನಿ ಯಾರಿಗೆ ಕಳಿಸಿದ್ದಳೋ ಅವಳಿಗೇ ನೆನಪಿರಲಿಲ್ಲ. ಅಲ್ಲಿಂದಾಚೆ ನನಗೆ ದಾರಿ ಕಾಣಲಿಲ್ಲ.

ನಾಲ್ಕನೇ ದಿನ ಸಾಹೇಬ್ರು ಮೊಪೆಡ್ ಮೇಲೆ ಜೋಳ ಇಟ್ಟುಕೊಂಡು ಗಿರಣಿಗೆ ಬಂದರು. ನನ್ನನ್ನೂ ಕರೆಸಿದರು. ಹಿಟ್ಟು ಆಗುವವರೆಗೆ ಕಟ್ಟೆ ಮೇಲೆ ಕೂತರು, ಓಣಿಯವರು ಕಿಟಕಿಯಿಂದ ನೋಡಲಿ ಅಂತಲೇ. ಬಿಸಿ ಹಿಟ್ಟಿನ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮುದುಕಿಯ ಯೋಗಕ್ಷೇಮ ವಿಚಾರಿಸಿದರು. ನಾನು ಹತ್ತಿರ ಹೋಗಿ ತಪ್ಪಾಯ್ತಕ್ಕ ಅಂದೆ. ಗಿರಿಜಕ್ಕ ಗಿರಣಿ ನಿಲ್ಲಿಸಿದಳು.

"ಊರ ಮನೆಗೆಲ್ಲ ಹೋಗಿ ಹೇಳಿದಿಯಂತೆ. ನಮ್ಮನೆ ಬಾಗಿಲಿಗೆ ಮಾತ್ರ ಬರಲಿಲ್ಲ ನೋಡು."

ಮೊದಲು ಹೋಗಬೇಕಾದ ಮನೆ ಅದು. ನನಗೆ ಹೊಳೆದಿರಲಿಲ್ಲ ಅಂದರೆ ಸುಳ್ಳಾಗುತ್ತೆ. ಮುಖ ತೋರಿಸಲು ಧೈರ್ಯವಿರಲಿಲ್ಲ. ಸಾಹೇಬ್ರು ಅದನ್ನು ಹೇಳಿಕೊಡಲು ಮರೆತಿದ್ದರೋ, ಹೇಳಿಕೊಡುವ ಮಾತಲ್ಲ ಅಂದುಕೊಂಡಿದ್ದರೋ ತಿಳಿಯದು. ಆ ವಾರದಿಂದ ಗಿರಣಿಗೆ ಒಂದೊಂದೇ ಡಬ್ಬಿ ಬರತೊಡಗಿತು. ತಿಂಗಳಲ್ಲಿ ಮುದುಕಿಯೂ ಮನೆಗೆ ಬಂದಳು.

ಮರುವರ್ಷ ಸಾಹೇಬ್ರಿಗೇ ರೋಗ ತಗುಲಿತು. ದಾವಣಗೆರೆಗೆ ಒಯ್ಯುವ ದಿನ ನಾನು ರಸ್ತೆಯಾಚೆ ನಿಂತಿದ್ದೆ. ಮಗಳು ತೋಳು ಹಿಡಿದು ಆಂಬುಲೆನ್ಸಿನವರೆಗೆ ಕರೆತಂದಳು. ನನ್ನನ್ನು ಕಂಡು ನಿಂತರು. ಒಂದೊಂದು ಮಾತಿಗೂ ಉಸಿರು ಎಳೆದುಕೊಂಡು ಹೇಳಿದರು.

"ಗುಂಪಿಗೆ ಹಾಕು. ಗಫಾರನಿಗೆ ಕೊರೊನಾ ಐತೆ. ನಾನೇ ಹೇಳೀನಿ ಅಂತ ಬರಿ. ಈ ವಾರ ನನ್ನ ಜೋಡಿ ಚಾ ಕುಡಿದೋರು ಪರೀಕ್ಷೆ ಮಾಡಿಸ್ಲಿ."

ನಾನು ಫೋನ್ ತೆಗೆಯದೆ ನಿಂತಿದ್ದೆ.

"ಬರಿಯಪ್ಪ. ಇದು ಸುದ್ದಿ" ಅಂದರು. ಅವರು ಹತ್ತಿದ ಮೇಲೆ ಆಂಬುಲೆನ್ಸಿನ ಬಾಗಿಲು ಹಾಕಿಕೊಂಡಿತು.

ಬರೆದೆ. ಏಳು ಜನ ಪರೀಕ್ಷೆಗೆ ಹೋದರು. ಇಬ್ಬರಿಗೆ ಇತ್ತು. ಬೇಗ ಗೊತ್ತಾದದ್ದಕ್ಕೆ ಇಬ್ಬರೂ ಉಳಿದುಕೊಂಡರು. ಸಾಹೇಬ್ರು ಹನ್ನೊಂದನೇ ದಿನ ಹೋದರು. ಮಣ್ಣು ಮಾಡುವಲ್ಲಿಗೆ ನಮ್ಮನ್ನು ಬಿಡಲಿಲ್ಲ. ಅವರ ಜಾಗಕ್ಕೆ ಪೇಪರಿನವರು ಯಾರನ್ನೂ ಹಾಕಲಿಲ್ಲ, ಹರಿಹರದ ಸುದ್ದಿಯನ್ನು ದಾವಣಗೆರೆಯಲ್ಲಿ ಕೂತೇ ಫೋನಿನಿಂದ ಎತ್ತಿಕೊಳ್ಳುತ್ತಾರೆ. ನಾನು ಗುಂಪು ಮುಚ್ಚಿದೆ. ಸುದ್ದಿ ಬರೆಯುವುದನ್ನೂ ಬಿಟ್ಟೆ, ಪೇಪರ್ ಹಾಕುವುದನ್ನು ಬಿಟ್ಟಿಲ್ಲ.

ಈಗ ನನ್ನ ಹತ್ರ ಇರೋದು ಒಂದು ಸೈಕಲ್ಲು, ಎರಡು ಚೀಲ, ಮೂರು ಪೇಪರಿನ ಏಜೆನ್ಸಿ, ತೊಂಬತ್ತಾರು ಮನೆ. ಗಿರಿಜಕ್ಕನ ಮನೆ ಅದರಲ್ಲಿಲ್ಲ.