ಮಾಡು ಹಾರಿಹೋದ ಗೋದಾಮಿಗಾಗಿ ಯೂಜಿನ್ ಬರೆದ ಅರ್ಜಿ

ಬೆಳಗಿನ ಐದೂವರೆ. ಕುವೈತಿನ ರಾಯ್‌ನಲ್ಲಿ ಗ್ಯಾರೇಜುಗಳ ಶಟರುಗಳು ಇನ್ನೂ ಎದ್ದಿಲ್ಲ. ಒಂದು ಗ್ಯಾರೇಜಿನ ಮೂಲೆಯ ಆಫೀಸಿನಲ್ಲಿ ಮಾತ್ರ ಟೈಪ್‌ರೈಟರ್ ಟಕಟಕ ಎನ್ನುತ್ತಿದೆ. ಅದರ ಹಿಂದೆ ಕೂತವರು ಮಂಗಳೂರಿನ ಬಜಪೆ ಕಡೆಯ ಯೂಜಿನ್, ಇಲ್ಲಿನ ಗುಮಾಸ್ತರು. ಡ್ಯೂಟಿ ಶುರುವಾಗುವುದು ಏಳಕ್ಕೆ. ಅದಕ್ಕೂ ಮುಂಚಿನ ಹೊತ್ತು ಊರಿಗೆ ಅರ್ಜಿ ಬರೆಸುವವರದ್ದು. ದಿನಕ್ಕೆ ಮೂರೋ ನಾಲ್ಕೋ ಅರ್ಜಿ, ಹನ್ನೊಂದು ವರ್ಷದಿಂದ. ಒಂದು ಲೋಟ ಹಾಲಿಲ್ಲದ ಸುಲೈಮಾನಿ ಚಹಾ ಬಿಟ್ಟರೆ ಯಾರಿಂದಲೂ ಏನೂ ಮುಟ್ಟಿದವರಲ್ಲ.

ಇವತ್ತಿನ ಅರ್ಜಿ ಅವರ ತಲೆ ತಿನ್ನುತ್ತಿದೆ. ಎದುರಿಗೆ ಕೂತಿರುವ ಮುತ್ತಲಿಬ್ ಕಿರಾಣಿ ಅಂಗಡಿಯ ನೌಕರ. ಉಳ್ಳಾಲದಲ್ಲಿ ಅವರಿಗೊಂದು ಕೊಬ್ಬರಿ ಗೋದಾಮಿದೆ. ಹೋದ ತಿಂಗಳ ಬಿರುಗಾಳಿ ಅದರ ಹೆಂಚಿನ ಮಾಡನ್ನೇ ಹೊತ್ತುಕೊಂಡು ಹೋಯಿತು, ಕೊಬ್ಬರಿಯೆಲ್ಲ ನೆನೆದು ಹಾಳಾಯಿತು. ಆ ನಷ್ಟವನ್ನು ಊರಿನ ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯುತ್ತಾರಂತೆ. ಕಳೆಯದಿದ್ದರೆ ತೆರಿಗೆ ಕಟ್ಟಲು ಗೋದಾಮನ್ನೇ ಮಾರಬೇಕು.

“ಪೊರ್ಬುಗಳೇ,” ಕ್ರೈಸ್ತರನ್ನು ಊರಲ್ಲಿ ಕರೆಯುವಂತೆಯೇ ಕರೆಯುತ್ತಾರೆ ಮುತ್ತಲಿಬ್, “ಇಲ್ಲಿ ದುಡಿದದ್ದಕ್ಕೇ ಟ್ಯಾಕ್ಸ್ ಇಲ್ಲ. ಅಲ್ಲಿ ಹಾಳಾದದ್ದಕ್ಕೆ ಟ್ಯಾಕ್ಸಾ? ಇದೆಂತ ಮಾರಾಯ್ರೆ?”

“ನನಗೂ ಇದರ ತಲೆಬುಡ ಗೊತ್ತಿಲ್ಲ ಬ್ಯಾರಿಗಳೇ. ತೆರಿಗೆ ಆಫೀಸಿನವರಿಗೆ ಹಾನಿಯ ಫೋಟೊ ಬೇಕಂತೆ, ಕೊಡಿ.”

ದೇವರು ವರ ಕೊಟ್ಟರೂ ಪೂಜಾರಿ ಬಿಡಬೇಕಲ್ಲ! ಕಾನೂನು ಒಪ್ಪಿದರೂ ಈಗ ಫೋಟೊ ಒಪ್ಪಬೇಕು. ಮುತ್ತಲಿಬ್ ಲಕೋಟೆಯಿಂದ ಫೋಟೊ ತೆಗೆಯುತ್ತಾರೆ. ಅದನ್ನು ಕಂಡು ಯೂಜಿನ್‌ಗೆ ಅಳಬೇಕೋ ನಗಬೇಕೋ ತಿಳಿಯುವುದಿಲ್ಲ. ಗಲ್ಫಿಗೆ ಕಳಿಸುವ ಫೋಟೊದಲ್ಲಿ ಸಪ್ಪೆ ಮುಖ ಇರಬಾರದೆಂಬುದು ಊರಿನ ರಿವಾಜು. ನಡುವೆ ಮುತ್ತಲಿಬ್‌ರ ತಾಯಿ ಆಮಿನಮ್ಮ, ಅಕ್ಕಪಕ್ಕ ಹದಿಮೂರು ಮಂದಿ, ಎಲ್ಲರೂ ಹೊಸ ಬಟ್ಟೆ ತೊಟ್ಟು ನಗುತ್ತ ಒತ್ತಾಗಿ ನಿಂತಿದ್ದಾರೆ. ಹಾಳಾದ ಕೊಬ್ಬರಿ, ಕುಸಿದ ಹಿಂಬದಿಯ ಗೋಡೆ, ಎಲ್ಲವೂ ಅವರ ಬೆನ್ನ ಹಿಂದೆ ಮರೆಯಾಗಿವೆ. ಇನ್ನೊಂದು ತೆಗೆಸೋಣವೆಂದರೆ ಈಗಾಗಲೇ ಹೊಸ ಮಾಡು ಹೊದಿಸಿಯಾಗಿದೆ.

“ಮಗ ಅಲ್ಲಿ ಹೆದರಬಾರದು ಅಂತ ಉಮ್ಮ ಎಲ್ಲರನ್ನೂ ನಿಲ್ಲಿಸಿದ್ದು,” ಮುತ್ತಲಿಬ್ ದನಿ ಇಳಿಯುತ್ತದೆ.

ಯೂಜಿನ್ ಕನ್ನಡಕ ಒರೆಸಿಕೊಂಡು ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಸಾಲಿನ ಆಚೆ ಗೋದಾಮಿನ ಎರಡು ಬದಿಯ ಗೋಡೆಗಳು ಎತ್ತರಕ್ಕೆ ಎದ್ದಿವೆ. ಅವುಗಳ ನಡುವೆ ಬರೀ ಮೋಡ. ಅವರು ನಿಧಾನವಾಗಿ ಟೈಪ್ ಮಾಡುತ್ತಾರೆ: ‘ಚಿತ್ರದಲ್ಲಿರುವವರ ತಲೆಗಳ ಮೇಲೆ ಕಾಣುವ ಆಕಾಶವು ಮಾಡು ಇದ್ದ ಜಾಗವೆಂದು ದಯವಿಟ್ಟು ಗಮನಿಸಬೇಕು.’

“ಇದು ನಡೀತದಾ?”

“ನಡೀತದೋ ಇಲ್ಲವೋ, ನನಗೆ ಗೊತ್ತಿಲ್ಲ. ಆದರೆ ಸುಳ್ಳು ಒಂದಕ್ಷರ ಇಲ್ಲ.” ಯೂಜಿನ್ ಕಾಗದ ಮಡಚಿ ಫೋಟೊದ ಜೊತೆ ಲಕೋಟೆಗೆ ಹಾಕಿ ಕೊಡುತ್ತಾರೆ. “ಹನ್ನೊಂದು ವರ್ಷ ಆಯ್ತು. ಅರ್ಜಿ ಎಂತಾಯ್ತು ಅಂತ ಇಲ್ಲಿವರೆಗೆ ಒಬ್ಬರೂ ಬಂದು ಹೇಳಲಿಲ್ಲ. ನೀವಾದರೂ ಹೇಳಿ ಬ್ಯಾರಿಗಳೇ. ಆಗದಿದ್ದರೂ ಬಂದು ಹೇಳಿ.”