ಹನಿ ಮೇಡಂ ಮತ್ತು ಬಿಳಿ ಚುಕ್ಕೆಗಳು

ಆ ಕಾಲೇಜಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಸಂಬಳದ ಗುಮಾಸ್ತರೊಬ್ಬರೇ. ಮಿಕ್ಕವರಿಗೆಲ್ಲ ಅವಳು ಹನಿ ಮೇಡಂ. ಜೀವಶಾಸ್ತ್ರ ವಿಭಾಗದ ಪ್ರಯೋಗಾಲಯದಲ್ಲಿ ಪ್ರಾಯೋಗಿಕ ಪಾಠ ಹೇಳುವುದು ಅವಳ ಕೆಲಸ. ಡಿಎನ್‌ಎ ಬೇರ್ಪಡಿಸುವುದು, ಅದರಿಂದ ಬೇಕಾದ ಜೀನನ್ನು ಕತ್ತರಿಸಿ ತೆಗೆಯುವುದು, ಇನ್ನೊಂದು ಡಿಎನ್‌ಎಗೆ ಅಂಟಿಸುವುದು, ಅದನ್ನು ಬ್ಯಾಕ್ಟೀರಿಯಾದೊಳಗೆ ಹೊಗಿಸಿ ಲೆಕ್ಕವಿಲ್ಲದಷ್ಟು ನಕಲು ಮಾಡಿಸುವುದು, ಇವನ್ನೆಲ್ಲ ಹುಡುಗ ಹುಡುಗಿಯರಿಗೆ ಕೈಯಾರೆ ಕಲಿಸುತ್ತಿದ್ದಳು. ಕಣ್ಣಿಗೆ ಕಂಡೂ ಕಾಣದಷ್ಟು ದ್ರವವನ್ನು ಅಳೆದು ಸುರಿಯುವ ಕೆಲಸ ಅದು. "ಒಂದು ಹನಿ ಆಚೆ ಹೋಗಬಾರದು, ಒಂದು ಹನಿ ಈಚೆ ಉಳೀಬಾರದು" ಎಂದು ದಿನಕ್ಕೆ ಹತ್ತು ಸಲ ಹೇಳಿ ಹೇಳಿ ಆ ಹೆಸರು ಸಂಪಾದಿಸಿಕೊಂಡಿದ್ದಳು.

ಜೆಲ್ ತುಂಬುವ ದಿನ ಬಂತೆಂದರೆ ಅವಳ ಮೇಜಿನ ಸುತ್ತ ನೂಕುನುಗ್ಗಲು. ಜೆಲ್ ಎಂದರೆ ಅಂಗೈಯಗಲದ, ಮಂಜುಮಂಜಾಗಿ ಕಾಣುವ ಒಂದು ಮೆತ್ತನೆಯ ಹಲಗೆ. ಉಪ್ಪುನೀರಿನ ತಟ್ಟೆಯಲ್ಲಿ ಮುಳುಗಿರುತ್ತದೆ. ಅದರ ಒಂದು ಅಂಚಿನಲ್ಲಿ ಸಾಲಾಗಿ ಪುಟ್ಟ ಪುಟ್ಟ ಗುಳಿಗಳು. ನೀಲಿ ಬಣ್ಣ ಬೆರೆಸಿದ ಡಿಎನ್‌ಎಯನ್ನು ಪಿಪೆಟ್ ಎಂಬ ಹೀರುಗೊಳವೆಯಲ್ಲಿ ಹೀರಿ, ನೀರಿನೊಳಗೇ ಅದರ ತುದಿಯಿಳಿಸಿ, ಆ ಗುಳಿಗೆ ಇಳಿಬಿಡಬೇಕು. ಆಮೇಲೆ ವಿದ್ಯುತ್ ಹರಿಸಿದರೆ ಡಿಎನ್‌ಎ ಜೆಲ್ಲಿನೊಳಗೆ ತೆವಳುತ್ತಾ ಹೊರಡುತ್ತದೆ. ಚಿಕ್ಕ ತುಂಡುಗಳು ಮುಂದೆ ಓಡುತ್ತವೆ, ದೊಡ್ಡವು ಹಿಂದೆ ಬೀಳುತ್ತವೆ. ವಿಶೇಷ ದೀಪದ ಕೆಳಗೆ ಹಿಡಿದಾಗ ಅವು ಪಟ್ಟಿಪಟ್ಟಿಯಾಗಿ ಹೊಳೆಯುತ್ತವೆ. ಹನಿ ಮೇಡಂ ಗುಳಿ ತುಂಬುವಾಗ ನೀಲಿ ಬಣ್ಣ ಒಂದಿಷ್ಟೂ ಕದಡದೆ, ಹಾಸಿಗೆಯಲ್ಲಿ ಮಲಗಿಸಿದ ಮಗುವಿನ ಹಾಗೆ ತಣ್ಣಗೆ ಕೂರುತ್ತಿತ್ತು. ಅದನ್ನು ನೋಡುವುದೇ ಒಂದು ಸುಖ ಎನ್ನುತ್ತಿದ್ದರು ವಿದ್ಯಾರ್ಥಿಗಳು.

ಹೀಗಿರುವಾಗ ಒಂದು ದಿನ ಎಲ್ಲರ ಎದುರೇ ಅವಳ ಕೈ ನಡುಗಿತು. ಪಿಪೆಟ್ಟಿನ ತುದಿ ಗುಳಿಯ ತಳಕ್ಕೆ ಚುಚ್ಚಿಕೊಂಡು, ನೀಲಿ ಬಣ್ಣ ಹೊಗೆಯಂತೆ ನೀರಲ್ಲೆಲ್ಲ ಹರಡಿತು.

"ನೋಡಿದ್ರಾ? ಹೀಗೆ ಮಾಡಬಾರದು ಅಂತ ತೋರಿಸ್ದೆ" ಎಂದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ಮುಂದಿನ ವಾರ ಮತ್ತೆ ಹಾಗೇ ಆದಾಗ ಅದೇ ಮಾತನ್ನು ಎರಡನೆಯ ಸಲ ಹೇಳಲು ನಾಲಿಗೆ ಏಳಲಿಲ್ಲ.

ಅಂದಿನಿಂದ ಕಣ್ಣುಮುಚ್ಚಾಲೆ ಶುರುವಾಯಿತು. ಬೇರೆ ಯಾರೂ ಬರುವ ಮೊದಲೇ ಬಂದು, ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು, ಜೆಲ್ ತುಂಬಿಟ್ಟುಬಿಡುತ್ತಿದ್ದಳು. ಯಾರಾದರೂ "ಒಂದ್ಸಲ ತೋರಿಸಿ ಮೇಡಂ" ಎಂದರೆ "ನೀವೇ ಮಾಡಿ ಕಲೀಬೇಕು" ಎಂದು ಜಾರಿಕೊಳ್ಳುತ್ತಿದ್ದಳು. ಮನೆಯಲ್ಲಿ ಗಂಡನ ಮುಂದೆ ಚಹಾದ ಲೋಟ ಎರಡೂ ಕೈಯಲ್ಲಿ ಹಿಡಿಯತೊಡಗಿದ್ದು ನೋಡಿ ಅವನೇ ಕೇಳಿದ. ಕೇಳಿದವನೇ ಸುಮ್ಮನಿರದೆ ವೈದ್ಯರ ಹತ್ತಿರ ಕರೆದುಕೊಂಡು ಹೋದ.

ವೈದ್ಯರು ಅವಳಿಂದ ಕಾಗದದ ಮೇಲೆ ಸುರುಳಿ ಗೆರೆ ಎಳೆಸಿದರು, ತೋಳು ಚಾಚಿಸಿದರು, ಮೂಗು ಮುಟ್ಟಿಸಿದರು. ಕೊನೆಗೆ, "ಪ್ರಾಣಕ್ಕೇನೂ ಕುತ್ತಿಲ್ಲ. ಇದು ಮನೆತನದಲ್ಲಿ ಹರಿದು ಬರೋ ನಡುಕ. ಯಾರಾದ್ರೂ ನೋಡ್ತಿದ್ದಾರೆ ಅಂದ್ರೆ ಇನ್ನೂ ಜಾಸ್ತಿ ಆಗುತ್ತೆ. ಮಾತ್ರೆ ಕೊಡ್ತೀನಿ, ಒಂದಿಷ್ಟು ತಗ್ಗುತ್ತೆ. ಪೂರ್ತಿ ಹೋಗುತ್ತೆ ಅಂತ ಮಾತ್ರ ಹೇಳಲಾರೆ" ಎಂದರು.

"ಅಂದ್ರೆ ಜೀನಿನಲ್ಲೇ ಇದೆ ಅನ್ನಿ."

"ಅದನ್ನ ನೀವು ನನಗೆ ಹೇಳಿಕೊಡಬೇಕಮ್ಮ" ಎಂದು ವೈದ್ಯರು ನಕ್ಕರು.

ದಾರಿಯಲ್ಲಿ ಅವಳಿಗೆ ಅಪ್ಪನ ನೆನಪಾಯಿತು. ಅಮ್ಮ ಅಪ್ಪನಿಗೆ ಯಾವಾಗಲೂ ಅರ್ಧ ಲೋಟವೇ ಚಹಾ ಕೊಡುತ್ತಿದ್ದಳು. ಅದು ಅಮ್ಮನ ಜಿಪುಣತನವೆಂದೇ ಇಷ್ಟು ವರ್ಷ ತಿಳಿದಿದ್ದಳಲ್ಲ!

ಮರುದಿನ ವಿಭಾಗದ ಮುಖ್ಯಸ್ಥರಿಗೆ ಇದ್ದದ್ದು ಇದ್ದಂತೆ ಹೇಳಿದಳು. ಅವರು ಒಳ್ಳೆಯ ಮನುಷ್ಯ, ಕನ್ನಡಕ ತೆಗೆದು ಒರೆಸಿಕೊಂಡು, "ನಿಮಗೆ ಕಷ್ಟ ಆಗೋದು ಬೇಡ. ಬರೀ ಪುಸ್ತಕದ ಪಾಠ ತಗೊಳ್ಳಿ, ಪ್ರಯೋಗಾಲಯಕ್ಕೆ ಬೇರೆಯವರನ್ನ ಹಾಕೋಣ. ಈ ಬ್ಯಾಚು ಮುಗಿಯೋ ತನಕ ಯೋಚನೆ ಮಾಡಿ ಹೇಳಿ" ಎಂದರು. ಅವಳು ತಲೆಯಾಡಿಸಿ ಹೊರಬಂದಳು. ಯೋಚನೆ ಮಾಡುವುದಕ್ಕೇನು ಉಳಿದಿದೆ ಎನ್ನಿಸಿತು. ಕೈಯೇ ಮಾತು ಕೇಳದ ಮೇಲೆ ಆ ಬಾಗಿಲ ಒಳಗೆ ತನಗೇನು ಕೆಲಸ?

ಅವಳ ಗಂಡನೂ ಒಂದು ಬಗೆಯ ಮೇಷ್ಟ್ರೇ. ಕಾರು ಓಡಿಸುವುದನ್ನು ಕಲಿಸುತ್ತಿದ್ದ. ಆ ವಾರ ಅವಳ ಸ್ಕೂಟರು ಕೆಟ್ಟು ಕೂತಿತ್ತು. "ಪಾಠದ ಕಾರಲ್ಲೇ ಬಿಡ್ತೀನಿ, ಹಿಂದೆ ಕೂತ್ಕೋ" ಎಂದ. ಕಾರು ಓಡಿಸುತ್ತಿದ್ದವಳು ಒಬ್ಬ ಹೊಲಿಗೆಯವಳು. ಖಾಲಿ ಮೈದಾನ ಬಿಟ್ಟು ಆಕೆ ರಸ್ತೆಗಿಳಿದದ್ದು ಅಂದೇ ಮೊದಲು. ದೊಡ್ಡ ಚೌಕದ ನಟ್ಟನಡುವೆ ಬಂದಾಗ ಗಾಡಿ ಗಕ್ಕನೆ ನಿಂತಿತು. ಹಿಂದಿನ ವಾಹನಗಳು ಕಿವಿ ಹರಿಯುವ ಹಾಗೆ ಹಾರ್ನ್ ಹೊಡೆಯತೊಡಗಿದವು. ಆಕೆ ಅಳುವುದೊಂದು ಬಾಕಿ.

ಹನಿ ಮೇಡಂ ಗಂಡನ ಕೈಗಳನ್ನು ನೋಡಿದಳು. ಅವು ತೊಡೆಯ ಮೇಲೆ ಸುಮ್ಮನಿದ್ದವು.

"ಕೂಗಲಿ ಬಿಡಿ ಅಕ್ಕ, ಅವರೂ ಒಂದು ಕಾಲದಲ್ಲಿ ಕಲಿತವರೇ" ಎಂದ ಅವನು, ಮನೆಯ ಜಗಲಿಯಲ್ಲಿ ಕೂತವನ ಹಾಗೆ. "ಕ್ಲಚ್ ಒತ್ತಿ, ಕೀ ತಿರುಗಿಸಿ. ಹ್ಞಾ. ಈಗ ಕ್ಲಚ್ ಬಿಡ್ತಾ ಬನ್ನಿ. ಇನ್ನೂ ಮೆಲ್ಲಗೆ. ಸೀಟು ಒಂಚೂರು ಗುಂಯ್ ಅನ್ನುತ್ತೆ, ಬೆನ್ನಿಗೆ ಗೊತ್ತಾಗುತ್ತೆ. ಗೊತ್ತಾಯ್ತಾ? ಅಲ್ಲೇ ಕಾಲು ನಿಲ್ಲಿಸಿ. ಈಗ ಇನ್ನೊಂದು ಕಾಲು ಒತ್ತಿ."

ಗಾಡಿ ಮುಂದೆ ಸರಿಯಿತು. ಹೊಲಿಗೆಯವಳು ಮೈಯೆಲ್ಲ ನಗುವಾದಳು.

ಕಾಲೇಜಿನ ಮುಂದೆ ಇಳಿದ ಮೇಲೆ ಹನಿ ಮೇಡಂ ಅವನನ್ನು ಪಕ್ಕಕ್ಕೆ ಕರೆದು ಕೇಳಿದಳು. "ರೀ, ನೀವ್ಯಾಕೆ ಸ್ಟೀರಿಂಗಿಗೆ ಕೈ ಹಾಕ್ಲಿಲ್ಲ?"

"ನಾನು ಹಿಡಿದ್ರೆ ಗಾಡಿ ನಾನೇ ಓಡಿಸಿದ ಹಾಗಾಯ್ತಲ್ಲೇ. ಆಯಮ್ಮ ಬಂದಿರೋದು ಕಲಿಯೋಕೆ."

"ಭಯ ಆಗಲ್ವಾ?"

"ಬಾಯಿ ಒಣಗುತ್ತೆ" ಎಂದು ಬಾಟಲಿ ಎತ್ತಿ ನೀರು ಕುಡಿದು ಹೊರಟುಹೋದ.

ಅವಳು ನೇರವಾಗಿ ಪ್ರಯೋಗಾಲಯಕ್ಕೆ ಹೋಗಿ, ಬಿಳಿ ಕೋಟು ತೊಟ್ಟು, ವಿದ್ಯಾರ್ಥಿಗಳೆಲ್ಲ ಸೇರುವವರೆಗೆ ಕಾದು ಹೇಳಿದಳು. "ನನ್ನ ಕೈ ನಡುಗುತ್ತೆ. ಕಾಯಿಲೆ ಅಂತ ಹೆದರಬೇಡಿ, ಹುಟ್ಟಿನಿಂದ ಬಂದ ಬಳುವಳಿ. ಇನ್ನು ಮೇಲೆ ನಾನು ಮಾಡಿ ತೋರಿಸೋಕಾಗಲ್ಲ."

ಹಿಂದಿನ ಸಾಲಿನಿಂದ ಒಬ್ಬ, "ಗೊತ್ತು ಮೇಡಂ" ಎಂದ.

"ಏನು ಗೊತ್ತು?"

"ಯಾವಾಗಿಂದಲೋ ಗೊತ್ತು. ನಿಮಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ವಿ."

ಇಷ್ಟು ದಿನ ತಾನು ಪಟ್ಟ ಪಾಡು ನೆನೆದು ಅವಳಿಗೆ ಅಳು ಬರಬೇಕಿತ್ತು, ಬಂದದ್ದು ನಗು. "ಸರಿ ಹಾಗಾದ್ರೆ. ಬಾಯಿ ನನ್ನದು, ಕೈ ನಿಮ್ಮದು. ಏಣಿ, ಬಾ ಇಲ್ಲಿ."

ಏಣಿ ಎಂದರೆ ತರಗತಿಯಲ್ಲೆಲ್ಲ ಎತ್ತರದ ಹುಡುಗಿ. ಅವಳು ಹಾದುಹೋದ ಕಡೆ ಒಂದಾದರೂ ಗಾಜಿನ ಸಾಮಾನು ಒಡೆಯುತ್ತಿತ್ತು. "ನಾನಾ? ನಾನು ಮುಟ್ಟಿದ್ದೆಲ್ಲ ಒಡೆದು ಹೋಗುತ್ತೆ ಮೇಡಂ!"

"ಜೆಲ್ ಒಡೆಯಲ್ಲ, ಹರಿಯುತ್ತೆ ಅಷ್ಟೇ. ಬಾ. ಮೊದಲನೇ ಗುಳಿಗೆ ಏಣಿ ಹಾಕು." ಇತರ ತುಂಡುಗಳ ಉದ್ದ ಹೋಲಿಸಿ ನೋಡಲು ಬಳಸುವ, ಉದ್ದ ಗೊತ್ತಿರುವ ಡಿಎನ್‌ಎ ತುಂಡುಗಳ ಮಿಶ್ರಣಕ್ಕೂ ಪ್ರಯೋಗಾಲಯದಲ್ಲಿ ಏಣಿ ಎಂದೇ ಹೆಸರು. "ಏಣಿಯನ್ನೇ ಎತ್ತಿ ಹಾಕ್ಬಿಡೋಣ್ವಾ ಮೇಡಂ?" ಎಂದು ಯಾರೋ ಕೂಗಿದರು. ಬಿಗಿದಿದ್ದ ಗಾಳಿ ಸಡಿಲವಾಯಿತು.

ಮೊದಲನೆಯ ಗುಳಿ ಕೆಟ್ಟಿತು. ಹನಿ ಮೇಡಂ ಎಡೆಬಿಡದೆ ಮಾತಾಡಿದ್ದೇ ಅದಕ್ಕೆ ಕಾರಣ. "ಎಡಕ್ಕೆ, ಇಳಿಸು, ಅಲ್ಲಲ್ಲ, ಮೇಲೆ, ಮೆಲ್ಲಗೆ, ಅಯ್ಯೋ!" ಹುಡುಗಿ ಬೆವತುಹೋದಳು. ಎರಡನೆಯದಕ್ಕೆ ಮುಂಚೆ ಏಣಿ ತಿರುಗಿ ಕೇಳಿದಳು. "ಮೇಡಂ, ಮೊಣಕೈ ಎಲ್ಲಿಡ್ಲಿ?"

ತಾನು ಮೊಣಕೈ ಎಲ್ಲಿಡುತ್ತಿದ್ದೆ? ಹನಿ ಮೇಡಂ ಕಣ್ಣು ಮುಚ್ಚಿ, ಗಾಳಿಯಲ್ಲೇ ಪಿಪೆಟ್ ಹಿಡಿದಂತೆ ಮಾಡಿ ನೋಡಿದಳು. "ಎರಡೂ ಮೇಜಿನ ಮೇಲೆ. ಉಸಿರು ಬಿಡ್ತಾ ಇಳಿಸು. ತುದಿ ಗುಳಿಯ ಬಾಯಿ ದಾಟಿದ್ರೆ ಸಾಕು, ತಳ ಮುಟ್ಟಬೇಡ. ಹೆಬ್ಬೆರಳು ಒತ್ತು. ಒತ್ತಿದ್ದನ್ನ ಬಿಡಬೇಡ, ಬಿಟ್ರೆ ವಾಪಸ್ ಹೀರ್ಕೊಳ್ಳುತ್ತೆ. ಒತ್ಕೊಂಡೇ ಮೇಲೆ ಬಾ."

ನೀಲಿ ಬಣ್ಣ ತಳದಲ್ಲಿ ಕೂತಿತು. ಅಲ್ಪಸ್ವಲ್ಪ ಕದಡಿತ್ತು ನಿಜ, ಆದರೂ ಕೂತಿತು. ಹಿಡಿದಿಟ್ಟಿದ್ದ ಉಸಿರನ್ನು ಏಣಿ ಎಷ್ಟು ಜೋರಾಗಿ ಬಿಟ್ಟಳೆಂದರೆ ಮೇಜಿನ ಮೇಲಿನ ಕಾಗದ ಹಾರಿತು.

ಆ ಬ್ಯಾಚಿನ ದೊಡ್ಡ ಪ್ರಯೋಗ ಇನ್ನೂ ಮುಂದಿತ್ತು. ಟೊಮೇಟೊ ಹಣ್ಣು ಮಾಗುವುದಕ್ಕೆ ಸಂಬಂಧಪಟ್ಟ ಒಂದು ಜೀನಿನ ತುಂಡನ್ನು ತೆಗೆದು, ಪ್ಲಾಸ್ಮಿಡ್ ಎಂಬ ಉಂಗುರದಾಕಾರದ ಡಿಎನ್‌ಎಯೊಳಗೆ ಕೂರಿಸಿ, ಆ ಉಂಗುರವನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸುವುದು. ಕಿಣ್ವವೊಂದು ಕತ್ತರಿಯಂತೆ ಉಂಗುರವನ್ನು ಕತ್ತರಿಸುತ್ತದೆ, ಇನ್ನೊಂದು ಅಂಟಿನಂತೆ ಬೆಸೆಯುತ್ತದೆ. ಆಮೇಲೆ ಬ್ಯಾಕ್ಟೀರಿಯಾವನ್ನು ಮಂಜುಗಡ್ಡೆಯಲ್ಲಿಟ್ಟು, ಕ್ಷಣಕಾಲ ಬಿಸಿನೀರಿಗೆ ಹಿಡಿದು, ಮತ್ತೆ ಮಂಜುಗಡ್ಡೆಗೆ ಇಟ್ಟರೆ ಅದು ಗಾಬರಿಯಲ್ಲಿ ಉಂಗುರವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅದನ್ನು ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಬೆರೆಸಿದ ತಟ್ಟೆಗೆ ಹಚ್ಚುತ್ತಾರೆ. ಉಂಗುರ ಸಿಕ್ಕಿದ ಬ್ಯಾಕ್ಟೀರಿಯಾ ಮಾತ್ರ ಅಲ್ಲಿ ಬದುಕಿ ಚುಕ್ಕೆಯಾಗಿ ಬೆಳೆಯುತ್ತದೆ. ಬರೀ ಉಂಗುರವಾದರೆ ನೀಲಿ ಚುಕ್ಕೆ, ಜೀನು ಕೂತ ಉಂಗುರವಾದರೆ ಬಿಳಿ.

ರಾತ್ರಿಯಿಡೀ ಬೆಚ್ಚಗಿಟ್ಟಿದ್ದ ತಟ್ಟೆಗಳನ್ನು ಶಾಖಪೆಟ್ಟಿಗೆಯಿಂದ ತೆಗೆದ ಬೆಳಿಗ್ಗೆ ಹುಡುಗರು ಹಚ್ಚಿದ್ದೆಲ್ಲವೂ ಖಾಲಿ ಹೊಡೆಯುತ್ತಿದ್ದವು. ನೀಲಿಯೂ ಇಲ್ಲ, ಬಿಳಿಯೂ ಇಲ್ಲ. ವಿದ್ಯಾರ್ಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹನಿ ಮೇಡಂ ತಾನೇ ಮಾಡಿ ತೋರಿಸುತ್ತಿದ್ದ ವರ್ಷಗಳಲ್ಲಿ ಹೀಗೆ ಒಂದು ದಿನವೂ ಆಗಿರಲಿಲ್ಲ. ಮುಖ್ಯಸ್ಥರ ಕೋಣೆಗೆ ಹೋಗಿ ಪುಸ್ತಕದ ಪಾಠಕ್ಕೆ ಒಪ್ಪಿಕೊಂಡು ಬಂದುಬಿಡಲೇ ಎಂದು ಬಾಗಿಲವರೆಗೂ ಹೋದಳು. ಹೋದವಳು ತಿರುಗಿ ಬಂದು, ಹೋಲಿಕೆಗೆಂದು ಇಟ್ಟಿದ್ದ ತಟ್ಟೆಗಳನ್ನು ಎತ್ತಿ ಬೆಳಕಿಗೆ ಹಿಡಿದಳು.

ಔಷಧಿ ಹಾಕದ ತಟ್ಟೆಯ ತುಂಬ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆದಿತ್ತು. ಅಂದರೆ ಅವು ಸತ್ತಿಲ್ಲ. ಆದರೆ ಕತ್ತರಿಸದ, ಇಡಿಯ ಉಂಗುರ ಕೊಟ್ಟ ತಟ್ಟೆಯೂ ಬೋಳಾಗಿತ್ತು. "ನಮ್ಮ ಕತ್ತರಿಯಲ್ಲೋ ಅಂಟಿನಲ್ಲೋ ಮಾತ್ರ ದೋಷ ಇದ್ದಿದ್ರೆ ಇದರಲ್ಲಾದ್ರೂ ನೀಲಿ ಬರಬೇಕಿತ್ತು" ಎಂದಳು ನಿಧಾನವಾಗಿ. "ಬ್ಯಾಕ್ಟೀರಿಯಾ ಉಂಗುರವನ್ನ ಒಳಗೇ ತಗೊಂಡಿಲ್ಲ. ಅವತ್ತು ಏನು ಮಾಡಿದ್ರೋ ಅದನ್ನೇ ಈಗ ಬರೀ ನೀರಲ್ಲಿ ಮಾಡಿ ತೋರಿಸಿ. ನಾನು ಬಾಯಿ ಬಿಡಲ್ಲ."

ಎಲ್ಲರೂ ಪುಟ್ಟ ನಳಿಕೆಗಳನ್ನು ಮಂಜುಗಡ್ಡೆಯಿಂದ ಎತ್ತಿ, ತಮ್ಮ ಸರದಿಗಾಗಿ ಸಾಲುಗಟ್ಟಿ ನಿಂತರು. ಏಣಿ ತನ್ನದನ್ನು ಮುಷ್ಟಿಯಲ್ಲಿ ಭದ್ರವಾಗಿ ಹಿಡಿದುಕೊಂಡಿದ್ದಳು. ಅವಳ ಹಿಂದಿನವನೂ ಹಾಗೇ. ಅವನ ಹಿಂದಿನವರೂ ಹಾಗೇ.

"ಯಾಕಮ್ಮ ಹಾಗೆ ಹಿಡ್ಕೊಂಡಿದ್ದೀಯ?"

"ಬೀಳಬಾರದು ಅಂತ ಮೇಡಂ. ನನ್ನ ಕೈ ಗೊತ್ತಲ್ಲ."

ಹನಿ ಮೇಡಂ ಹಣೆ ಹಣೆ ಚಚ್ಚಿಕೊಂಡಳು. ಅಂಗೈಯ ಬಿಸಿಗೆ ಆ ಬ್ಯಾಕ್ಟೀರಿಯಾ ಮೊದಲೇ ಬೆಚ್ಚಗಾಗಿಬಿಟ್ಟರೆ ಆಮೇಲೆ ಬಿಸಿನೀರಿನ ಗಾಬರಿ ಎಲ್ಲಿಂದ ಬರಬೇಕು! ನಳಿಕೆಯನ್ನು ಕತ್ತಿನ ಹತ್ತಿರ ಎರಡೇ ಬೆರಳಲ್ಲಿ ಹಿಡಿಯಬೇಕು. ಸರದಿ ಬರುವವರೆಗೆ ಮಂಜುಗಡ್ಡೆಯಿಂದ ತೆಗೆಯಲೇಬಾರದು. ಅವಳು ಅದನ್ನು ಯಾವ ಬ್ಯಾಚಿಗೂ ಬಾಯಿಬಿಟ್ಟು ಹೇಳಿದ್ದಿಲ್ಲ. ಹೇಳುವ ಅಗತ್ಯವೇ ಬಿದ್ದಿರಲಿಲ್ಲ. ಅವಳ ಬೆರಳು ಹಿಡಿಯುತ್ತಿದ್ದ ರೀತಿ ನೋಡಿ ಹುಡುಗರು ತಾವಾಗಿಯೇ ಹಾಗೆ ಹಿಡಿಯುತ್ತಿದ್ದರು.

"ತಪ್ಪು ನಿಮ್ಮದಲ್ಲ ಕಣ್ರೋ. ನಾನೇ ಹೇಳ್ಲಿಲ್ಲ" ಎಂದಳು. "ಇನ್ನು ಮೇಲೆ ನನ್ನ ತಲೆ ತಿಂದುಬಿಡಿ. ಎಲ್ಲಿ ಹಿಡೀಬೇಕು, ಎಲ್ಲಿ ನಿಲ್ಲಬೇಕು, ಯಾವ ಕಡೆ ನೋಡಬೇಕು, ಎಲ್ಲ ಕೇಳಿ."

ಕೇಳಿದರು. ಕೇಳಿ ಕೇಳಿ ಅವಳ ಜೀವ ಹಿಂಡಿದರು. ಮುಚ್ಚಳ ಯಾವ ಬೆರಳಲ್ಲಿ ತೆಗೆಯಬೇಕು ಎಂದು ಒಬ್ಬ, ಬೆರೆಸುವಾಗ ತಟ್ಟಬೇಕೋ ಅಲ್ಲಾಡಿಸಬೇಕೋ ಎಂದು ಇನ್ನೊಬ್ಬಳು. ಕೆಲವಕ್ಕೆ ತಕ್ಷಣ ಉತ್ತರ ಬರುತ್ತಿತ್ತು. ಕೆಲವಕ್ಕೆ ಅವಳು ಗಾಳಿಯಲ್ಲಿ ಕೈಯಾಡಿಸಿ ಹುಡುಕಿಕೊಳ್ಳಬೇಕಾಗುತ್ತಿತ್ತು. ಸಂಜೆಗೆ ಗಂಟಲು ಕಟ್ಟಿಹೋಗುತ್ತಿತ್ತು. ಗಂಡ ತನ್ನದೇ ಒಂದು ನೀರಿನ ಬಾಟಲಿ ಅವಳ ಚೀಲಕ್ಕೆ ತುರುಕಿ ಕಳಿಸತೊಡಗಿದ.

ಎರಡನೆಯ ಸಲ ಶಾಖಪೆಟ್ಟಿಗೆಯ ಬಾಗಿಲು ತೆರೆದವಳು ಏಣಿ. ಅವಳು ಕಿರುಚಿದ ರಭಸಕ್ಕೆ ಪಕ್ಕದ ಕೋಣೆಯ ಮುಖ್ಯಸ್ಥರು ಬೆಂಕಿ ಬಿತ್ತೇನೋ ಎಂದು ಓಡಿಬಂದರು. ತಟ್ಟೆಯ ತುಂಬ ನೀಲಿ ಚುಕ್ಕೆಗಳು, ನಡುನಡುವೆ ಅಲ್ಲೊಂದು ಇಲ್ಲೊಂದು ಹಾಲಿನ ಹನಿಯಂಥ ಬಿಳಿ ಚುಕ್ಕೆ.

"ಕುಣೀಬೇಡಿ, ಇನ್ನೂ ಪರೀಕ್ಷೆ ಆಗಬೇಕು" ಎಂದಳು ಹನಿ ಮೇಡಂ. ಅವಳ ಕಾಲೂ ನೆಲದ ಮೇಲೆ ಸರಿಯಾಗಿ ನಿಂತಿರಲಿಲ್ಲ. ಬಿಳಿ ಚುಕ್ಕೆಗಳನ್ನು ಬೆಳೆಸಿ, ಅವುಗಳಿಂದ ಉಂಗುರ ತೆಗೆದು, ಮತ್ತೆ ಕತ್ತರಿಸಿ, ಜೆಲ್ಲಿನಲ್ಲಿ ಓಡಿಸಿದರು. ದೀಪದ ಕೆಳಗೆ ಸಾಲು ಸಾಲಾಗಿ ಎರಡೆರಡು ಪಟ್ಟಿಗಳು ಹೊಳೆದವು. ಮೇಲಿನದು ಉಂಗುರ, ಕೆಳಗಿನದು ಟೊಮೇಟೊ ಜೀನಿನ ತುಂಡು, ಇರಬೇಕಾದ ಎತ್ತರದಲ್ಲೇ. ಒಂದು ಸಾಲು ಮಾತ್ರ ಖಾಲಿ ಬಂತು. ಅದನ್ನು ತುಂಬಿದವನು ತಲೆ ತಗ್ಗಿಸಿ, "ಹೆಬ್ಬೆರಳು ಬಿಟ್ಬಿಟ್ಟೆ ಮೇಡಂ" ಎಂದ.

ಮುಖ್ಯಸ್ಥರು ಕನ್ನಡಕ ಒರೆಸಿಕೊಳ್ಳುತ್ತಾ, "ಏನು ಯೋಚನೆ ಮಾಡಿದ್ರಿ?" ಎಂದು ಕೇಳಿದರು.

"ಇಲ್ಲೇ ಇರ್ತೀನಿ ಸರ್."

"ಸಂತೋಷ. ಆದ್ರೆ ಆ ಹುಡುಗಿಗೆ ಸ್ವಲ್ಪ ಮೆಲ್ಲಗೆ ಕಿರುಚೋಕೆ ಹೇಳಿ."

ನಡುಕ ನಿಂತಿಲ್ಲ. ಮಾತ್ರೆ ನುಂಗಿದ ದಿನ ತಗ್ಗುತ್ತದೆ, ದಣಿದ ದಿನ ಏರುತ್ತದೆ. ಹೊಸದಾಗಿ ಬಂದವರು ಈ ಕಾಲೇಜಿನ ಪದ್ಧತಿಯೇ ಇದು ಎಂದುಕೊಂಡು, ಮೇಡಂಗೆ ಕೈಯಾಗುವವರು ಯಾರೆಂದು ಪೈಪೋಟಿಗೆ ಬೀಳುತ್ತಾರೆ. ಏಣಿಗೆ ಬಿತ್ತನೆ ಬೀಜಗಳ ಡಿಎನ್‌ಎ ಪರೀಕ್ಷಿಸುವ ಒಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿದೆ. ಮೊನ್ನೆ ಸಂಜೆ ಫೋನು ಮಾಡಿದ್ದಳು. "ಮೇಡಂ, ನನ್ನ ಕೈಕೆಳಗೆ ಇಬ್ಬರನ್ನ ಹಾಕಿದ್ದಾರೆ. ಜೆಲ್ ತುಂಬೋದನ್ನ ಹೇಗೆ ಹೇಳಿಕೊಡಲಿ?"

"ಮೊದಲು ಕೂತ್ಕೋ. ಕೂತ್ಕೊಂಡು ಅವರ ಮೊಣಕೈ ನೋಡು" ಎಂದು ಶುರುಮಾಡಿದಳು ಹನಿ ಮೇಡಂ. ಮಾತು ಬೆಳೆಯಿತು. ಮುಗಿಯುವಷ್ಟರಲ್ಲಿ ಒಲೆಯ ಮೇಲಿಟ್ಟ ಹಾಲು ಉಕ್ಕಿ ಹರಿದಿತ್ತು; ಗಂಡ ಗೊಣಗುತ್ತಾ ಒರೆಸುತ್ತಿದ್ದ.